ಸೊಪ್ಪು ಬೇಯಿಸಿದ ನೀರು

ನನ್ನ ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಮದ್ದೂರಿನ ಈ ಮನೆಯಲ್ಲಿ ಈಗ ನಾನೊಬ್ಬನೇ. ಅವಳ ಕಿಡ್ನಿ ಕೆಟ್ಟಿದ್ದಕ್ಕೆ ನಾನು ಕಾರಣನಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಹಳ ವರ್ಷ ಯಾರಿಗೂ ಗೊತ್ತಾಗದೆ ಇದ್ದ ಬಿ.ಪಿ. ಮಾಡಿದ ಕೆಲಸವಂತೆ. ಆದರೆ ಅದು ಪತ್ತೆಯಾಗುವುದು ಐದು ತಿಂಗಳು ತಡವಾಯಿತು. ಆ ಐದು ತಿಂಗಳು ಮಾತ್ರ ನನ್ನ ಕೊಡುಗೆ. ನಾನು ರಸಾಯನಶಾಸ್ತ್ರದ ಮೇಷ್ಟ್ರು. ಅಷ್ಟೆಲ್ಲ ಓದದೆ ಇದ್ದಿದ್ದರೆ ಅವಳನ್ನು ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಇದು ಅವಳಿಗೆ ಗೊತ್ತಿತ್ತೇ, ಗೊತ್ತಿದ್ದೂ ಸುಮ್ಮನಿದ್ದಳೇ ಎಂಬುದು ನನ್ನನ್ನು ಬಹಳ ದಿನ ಕೊರೆಯಿತು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ಬೇಗ ತೀರಿಕೊಂಡರು. ಅಷ್ಟರಲ್ಲಿ ಅಪ್ಪ ಅಮ್ಮನೂ ಹೋಗಿಯಾಗಿತ್ತು. ಭಾರತೀನಗರದ ಕಾಲೇಜೊಂದರಲ್ಲಿ ನನಗೆ ಕೆಲಸ ಸಿಕ್ಕಿದ ವರ್ಷ ಒಂದು ಟ್ರಂಕು ಹಿಡಿದುಕೊಂಡು ಬಂದಳು. "ನಿಂಗೆ ಮದ್ವೆ ಆಗೋಗಂಟ ಇರ್ತೀನಿ ಕಣ್ಲಾ" ಎಂದಳು. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ, ಯಾವುದೂ ಪೂರ್ತಿ ನಿಜವಲ್ಲ. ಹೀಗೆ ಅವಳು ಇದ್ದುಬಿಟ್ಟಳು.

ಬೆಳಿಗ್ಗೆ ಎಂಟಕ್ಕೆ ಬಸ್ಸು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಮನೆಗೆ ಬರುವಾಗ ಆರೂವರೆ ದಾಟುತ್ತಿತ್ತು. ಕಾಫಿ, ಪೇಪರು, ಹುಡುಗರ ಲ್ಯಾಬ್ ರೆಕಾರ್ಡುಗಳು, ಊಟ, ನಿದ್ದೆ. "ಮುದ್ದೆ ಇಕ್ಲಾ?" ಎಂದು ಅವಳು ಕೇಳುವುದು, "ಹ್ಞೂಂ" ಎಂದು ನಾನು ಅನ್ನುವುದು. ನಮ್ಮಿಬ್ಬರಿಗೆ ಒಂದು ದಿನವೂ ಜಗಳ ಆಗಿದ್ದಿಲ್ಲ. ಅದನ್ನು ಸಹೋದ್ಯೋಗಿಗಳ ಮುಂದೆ ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ವಾರಕ್ಕೆ ಮೂರು ದಿನವಾದರೂ ಉಪ್ಸಾರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ. ಸೊಪ್ಪನ್ನೂ ಕಾಳನ್ನೂ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಆ ನೀರನ್ನೇ ಸಾರು ಎಂದು ಮುದ್ದೆಗೆ ಬಿಟ್ಟುಕೊಳ್ಳುವುದು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಅರೆದ ಖಾರ ತಟ್ಟೆಯ ಪಕ್ಕದಲ್ಲಿ. ಬೆಂದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪನ್ನು ಕೊಪ್ಪದ ಕಡೆಯಿಂದ ಒಬ್ಬ ಹೆಂಗಸು ತರುತ್ತಿದ್ದಳು. ದಂಟು, ಕೀರೆ, ಅಣ್ಣೆ, ಗಣಿಕೆ, ಯಾವುದು ಸಿಕ್ಕಿದರೆ ಅದು. ಅಕ್ಕ ಒಂದೊಂದು ಕಂತೆಯನ್ನೂ ಬಿಚ್ಚಿಸಿ, ಮೂಸಿ, ಬೈದು, ಕೊನೆಗೆ ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದಳು.

ಒಂದು ವರ್ಷ ನನಗೆ ಸಸ್ಯಗಳ ರಾಸಾಯನಿಕಗಳ ಪಾಠ ಬಂತು. ಅದರಲ್ಲಿ ಫ್ಲೇವನಾಯ್ಡುಗಳು. ಹೂವಿಗೆ, ಹಣ್ಣಿಗೆ, ಈರುಳ್ಳಿ ಸಿಪ್ಪೆಗೆ ಬಣ್ಣ ಕೊಡುವುದರಲ್ಲಿ ಇವುಗಳ ಪಾಲು ದೊಡ್ಡದು. ಗಿಡ ಇವನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ, ತನಗಾಗಿ: ಸುಡುವ ಬಿಸಿಲಿನಿಂದ ಎಲೆಯನ್ನು ಕಾಪಾಡಲು, ಹುಳಕ್ಕೆ ಬಾಯಿ ಕಹಿ ಮಾಡಲು, ದುಂಬಿಯನ್ನು ಕರೆಯಲು. ಓಡಿಹೋಗಲು ಕಾಲಿಲ್ಲದ್ದು ಇನ್ನೇನು ಮಾಡೀತು! ಇಂಥ ಸೊಪ್ಪು, ಹಣ್ಣು, ಕಾಳು ಹೆಚ್ಚು ತಿನ್ನುವವರಲ್ಲಿ ಹೃದಯದ ಕಾಯಿಲೆ ಕಡಿಮೆ ಕಾಣುತ್ತದೆ ಎನ್ನುತ್ತಾರೆ. ಅದು ಇವುಗಳಿಂದಲೇ ಎಂದು ಖಡಾಖಂಡಿತವಾಗಿ ಹೇಳುವುದು ಕಷ್ಟ. ತಿಂದದ್ದರಲ್ಲಿ ಮೈಗೆ ಹತ್ತುವುದು ಸ್ವಲ್ಪ, ಅದೂ ಬೇಗ ಹೊರಗೆ ಹೋಗುತ್ತದೆ. ಪಾಠದಲ್ಲಿ ಈ ಎರಡನೇ ಭಾಗವನ್ನೂ ಹೇಳುತ್ತಿದ್ದೆ. ಮನೆಯಲ್ಲಿ ಮೊದಲನೆಯದನ್ನು ಮಾತ್ರ ಹೇಳಿದೆ.

ಸೊಪ್ಪು ಬೇಯಿಸಿದರೆ ಫ್ಲೇವನಾಯ್ಡುಗಳಲ್ಲಿ ಒಂದಷ್ಟು ನೀರಿಗೆ ಇಳಿಯುತ್ತವೆ ಎಂದು ಓದಿದ ದಿನ ನನಗೆ ಎಲ್ಲಿಲ್ಲದ ಖುಷಿಯಾಯಿತು. ಮಾರನೆಯ ದಿನ ಉಪ್ಸಾರಿಗೆಂದು ಬಸಿದಿಟ್ಟ ನೀರನ್ನು ಒಂದು ಬಾಟಲಿಗೆ ತುಂಬಿಕೊಂಡು ಲ್ಯಾಬಿಗೆ ಒಯ್ದೆ. ಎರಡು ಹನಿ ಕ್ಷಾರ ಹಾಕಿದ ಕೂಡಲೇ ಟೆಸ್ಟ್ ಟ್ಯೂಬಿನಲ್ಲಿ ಗಾಢ ಹಳದಿ ಬಂತು. ಆಮ್ಲ ಬಿಟ್ಟಾಗ ಮಾಸಿತು. ಹುಡುಗರು ಚಪ್ಪಾಳೆ ಹೊಡೆದರು. ಆ ಸಾಯಂಕಾಲ ಮನೆಗೆ ಬಂದವನೇ ಸೀದಾ ಅಡುಗೆಮನೆಗೆ ಹೋಗಿ, ಪಕ್ಕದಲ್ಲಿದ್ದ ಮಣೆ ಎಳೆದುಕೊಂಡು ಕೂತು, ಅಕ್ಕನಿಗೆ ಎಲ್ಲ ಹೇಳಿದೆ.

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. "ನೀರ್ನಲ್ಲಿ ಸತ್ವ ಅದೆ ಅಂತ ನಮ್ಮವ್ವಂಗೂ ಗೊತ್ತಿತ್ತು. ಅದ್ಕೆ ಎಮ್ಮೆಸ್ಸಿ ಓದ್ಬೇಕಿತ್ತಾ?" ಎಂದಳು.

"ಅವ್ವನಿಗೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ."

"ಯಾಕೆ ಅಂತ ಗೊತ್ತಾದ್ರೆ ರುಚಿ ಎಚ್ಚಾಯ್ತದಾ?"

ಅವತ್ತು ನನಗೆ ಹುರುಪು ಹತ್ತಿಬಿಟ್ಟಿತ್ತು. ಅಂದಿನಿಂದ ಸಾಯಂಕಾಲ ಬಂದ ಕೂಡಲೇ ನಾನೇ ಸೊಪ್ಪಿನ ನೀರು ಕಾಯಿಸಿ, ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಡುವುದು ಶುರುವಾಯಿತು. ಅವಳು ಕುಡಿದು ಮುಗಿಸುವವರೆಗೆ ಪಕ್ಕದಲ್ಲಿ ಕೂತು ಪಾಠ. ಈರುಳ್ಳಿಯ ಸತ್ವ ಹೊರಪದರದಲ್ಲಿ ಹೆಚ್ಚು, ನೀನು ದಪ್ಪಗೆ ಸುಲಿಯುತ್ತೀಯ ಎಂದು ಒಂದು ದಿನ. ರಾಗಿಯ ಕೆಂಪು ಇರುವುದೇ ಹೊಟ್ಟಿನಲ್ಲಿ, ಜರಡಿ ಹಿಡಿಯಬೇಡ ಎಂದು ಇನ್ನೊಂದು ದಿನ. ನೇರಳೆ ಹಣ್ಣು, ನುಗ್ಗೆಸೊಪ್ಪು, ಕಬ್ಬಿನ ಹಾಲು ಯಾಕೆ ಕಪ್ಪಾಗುತ್ತದೆ, ಒಂದಲ್ಲ ಎರಡಲ್ಲ. ಅವಳು ನಿಧಾನವಾಗಿ ಕುಡಿಯುತ್ತಿದ್ದಳು. "ಇನ್ನೊಂದು ಸತಿ ಯೋಳು, ಆ ಹೆಸ್ರು ಬಾಯಿಗೆ ಬರಾಕಿಲ್ಲ" ಎನ್ನುತ್ತಿದ್ದಳು. ಒಳ್ಳೆಯ ವಿದ್ಯಾರ್ಥಿನಿ ಸಿಕ್ಕಿದಳು ಎಂದು ನಾನು ಉಬ್ಬಿಹೋಗಿದ್ದೆ.

ಒಂದು ದಿನ ಅವಳ ಕಾಲಿನ ಬೆರಳು ಬಾತುಕೊಂಡಿದ್ದು ಕಂಡೆ. ಆಮೇಲೆ ಪಾದ. "ಬಾಳ ಒತ್ತು ನಿಂತ್ಕಂಡಿದ್ದೆ, ಅದ್ಕೆ" ಎಂದಳು. ಸುಸ್ತು ಎಂದಳು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾನು ಮೊಬೈಲಿನಲ್ಲಿ ಹುಡುಕಿ, ಊತಕ್ಕೆ ಒಳ್ಳೆಯದು ಎಂದು ಎಲ್ಲೋ ಬರೆದಿದ್ದನ್ನು ನಂಬಿ, ಒಂದು ಲೋಟವನ್ನು ಎರಡು ಮಾಡಿದೆ. ಜೊತೆಗೆ ನುಗ್ಗೆಸೊಪ್ಪಿನ ರಸ. ಬಾಯಿ ರುಚಿ ಕೆಟ್ಟಿದೆ ಎಂದಾಗ ನೆಲ್ಲಿಕಾಯಿ. ಹೀಗೆ ಐದು ತಿಂಗಳು.

ಸೊಪ್ಪಿನ ನೀರಿಗೆ ಇಳಿಯುವುದು ಫ್ಲೇವನಾಯ್ಡು ಒಂದೇ ಅಲ್ಲ, ಪೊಟ್ಯಾಸಿಯಂ ಕೂಡ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪೊಟ್ಯಾಸಿಯಂ ಲವಣವನ್ನು ಜ್ವಾಲೆಗೆ ಹಿಡಿದರೆ ತಿಳಿ ನೇರಳೆ ಬಣ್ಣ ಬರುತ್ತದೆ ಎಂದು ಪ್ರತಿ ವರ್ಷ ತೋರಿಸುವವನು ನಾನೇ. ಕಿಡ್ನಿ ಸರಿಯಿದ್ದವರಿಗೆ ಅದರಿಂದ ತೊಂದರೆಯಿಲ್ಲ. ಸರಿಯಿಲ್ಲದವರಿಗೆ ಅದು ರಕ್ತದಲ್ಲೇ ಉಳಿದು ಹೃದಯಕ್ಕೆ ಹೊಡೆಯುತ್ತದೆ.

ಒಂದು ಬೆಳಿಗ್ಗೆ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದ ರಿಪೋರ್ಟು ನೋಡಿ ಡಾಕ್ಟರು, "ಇಷ್ಟು ದಿನ ಏನು ಮಾಡ್ತಾ ಇದ್ರಿ? ಓದಿದವರ ಹಾಗೆ ಕಾಣ್ತೀರಿ" ಎಂದರು. ಮನೆಯಲ್ಲಿ ವಿಶೇಷವಾಗಿ ಏನಾದರೂ ಕೊಡುತ್ತಿದ್ದಿರಾ ಎಂದೂ ಕೇಳಿದರು. ಅಕ್ಕ ಪಕ್ಕದಲ್ಲೇ ಸ್ಟ್ರೆಚರಿನ ಮೇಲೆ ಮಲಗಿದ್ದಳು. ನಾನು ಬಾಯಿ ಬಿಡುವ ಮೊದಲೇ ಅವಳು, "ಏನೂ ಇಲ್ಲ ಡಾಕ್ಟ್ರೇ, ಮನೆ ಊಟ" ಎಂದಳು. ನಾನು ಮಾತು ನುಂಗಿದೆ. ನನ್ನಷ್ಟು ಹೇಡಿ ಇನ್ನೊಬ್ಬನಿಲ್ಲ ಎಂದು ಆ ಕ್ಷಣವೇ ಅನ್ನಿಸಿತು, ಆದರೂ ನುಂಗಿದೆ.

ಊಟದ ಪಟ್ಟಿ ಕೊಟ್ಟರು. ಉಪ್ಪು ಕಡಿಮೆ. ಎಳನೀರು ಬೇಡ, ನೆಲ್ಲಿಕಾಯಿ ಬೇಡ. ಸೊಪ್ಪು ತಿನ್ನಲೇಬೇಕೆಂದರೆ ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ತುಂಬ ನೀರಿಟ್ಟು ಬೇಯಿಸಿ, ಆ ನೀರನ್ನು ಪೂರ್ತಿ ಚೆಲ್ಲಿ, ಒಂದು ಹಿಡಿಯಷ್ಟು ತಿನ್ನಬಹುದು. ಪಟ್ಟಿ ಓದಿ ಹೇಳಿದ ಹುಡುಗಿ "ನೀರು ಮಾತ್ರ ಮರೀದೆ ಚೆಲ್ಲಿಬಿಡಿ ಅಂಕಲ್" ಎಂದು ಎರಡು ಸಲ ಹೇಳಿದಳು.

ಅಂದಿನಿಂದ ಅಡುಗೆ ನನ್ನದು. ವಾರಕ್ಕೆರಡು ದಿನ ಬಸ್ಸಿನಲ್ಲಿ ಮಂಡ್ಯಕ್ಕೆ, ಡಯಾಲಿಸಿಸ್‌ಗೆ. ಬಸ್ಸಿನಲ್ಲಿ ಅವಳಿಗೆ ಉಚಿತ ಟಿಕೆಟ್ಟು. "ನನ್ನ ಸರ್ಕಾರನೇ ಕರ್ಕಂಡೋಯ್ತದೆ. ನೀನು ಕಾಸು ಕೊಟ್ಟು ಬಾ" ಎಂದು ತಮಾಷೆ ಮಾಡುತ್ತಿದ್ದಳು. ನಾಲ್ಕು ಗಂಟೆ ಅವಳು ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಕಾಯುವವರೆಲ್ಲ ಒಬ್ಬರಿಗೊಬ್ಬರು ಪರಿಚಯವಾಗಿದ್ದರು, ತಿಂಡಿ ಹಂಚಿಕೊಳ್ಳುತ್ತಿದ್ದರು. ನಾನು ಪುಸ್ತಕ ಬಿಡಿಸಿಕೊಂಡು ಓದುವವನ ಹಾಗೆ ಕೂತಿರುತ್ತಿದ್ದೆ. ಮನೆಗೆ ಬಂದರೆ ಅವಳು ಮಲಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಸಿದು, ಹಸಿರು ನೀರನ್ನು ಬಚ್ಚಲಿಗೆ ಸುರಿಯುತ್ತಿದ್ದೆ. ಅವಳ ಮುಖ ನೋಡಲು ಆಗುತ್ತಿರಲಿಲ್ಲ, ಅದಕ್ಕೇ ಅವಳ ಕೋಣೆಗೆ ಹೆಚ್ಚು ಹೋಗುತ್ತಿರಲಿಲ್ಲ. ತಟ್ಟೆ ಕೊಟ್ಟು ಬರುವುದು, ತಟ್ಟೆ ತರುವುದು. ಮಗ್ಗುಲ ಕೋಣೆಯಲ್ಲಿ ಅವಳು ಇದ್ದಾಗಲೇ ನಾನು ಒಂಟಿಯಾಗಿಬಿಟ್ಟಿದ್ದೆ. ಅವಳು ಹೇಗಿದ್ದಳೋ ಕೇಳಲಿಲ್ಲ.

ಒಂದು ಭಾನುವಾರ ಗೋಡೆ ಹಿಡಿದುಕೊಂಡು ಅವಳೇ ಅಡುಗೆಮನೆಗೆ ಬಂದಳು. ನಾನು ನೀರು ಚೆಲ್ಲುವುದನ್ನು ನೋಡಿ ರೇಗಿದಳು. "ಲೇ, ನಂಗೆ ಬ್ಯಾಡ ಅಂದ್ರೆ ನಿಂಗೂ ಬ್ಯಾಡ್ವಾ? ನೀನೂ ಸಪ್ಪೆ ಸೊಪ್ಪು ತಿಂತಿದ್ದೀಯಾ ಇಷ್ಟ್ ದಿನ?"

ನಾನು ಖಾಲಿ ಪಾತ್ರೆಯನ್ನು ಕೆಳಗಿಟ್ಟೆ.

"ಬೇರೆ ಪಾತ್ರೆ ಮಡಗು. ನಾನ್ ಯೋಳ್ತೀನಿ, ನೀನ್ ಮಾಡು."

ಮಣೆಯ ಮೇಲೆ ಅವಳು ಕೂತಳು. ಎರಡು ಹಿಡಿ ಕೀರೆ, ಅರ್ಧ ಹಿಡಿ ಹೆಸರುಕಾಳು, ಒಂದೂವರೆ ಲೋಟ ನೀರು. ಸಾಕಾ ಎಂದೆ. "ಒಬ್ಬಂಗೆ ಸಾಕು" ಎಂದಳು. ಅವಳು ಯಾವ ದಿನಗಳಿಗೆ ಅಳತೆ ಹೇಳುತ್ತಿದ್ದಾಳೆ ಎಂದು ಆಗ ತಿಳಿಯಿತು. ಖಾರ ಅರೆದೆ. ಬಸಿದ ನೀರನ್ನು ಸೌಟಿನಲ್ಲಿ ತೆಗೆದು ಅಭ್ಯಾಸದಂತೆ ಅವಳ ಮುಂದೆ ಹಿಡಿದುಬಿಟ್ಟೆ, ಉಪ್ಪು ನೋಡಲು. ಅವಳು ಮೂಸಿದಳು ಅಷ್ಟೆ. "ನೀನೇ ನೋಡ್ಕೊ. ಇನ್ಮೇಕೆ ನೀನೇ ನೋಡ್ಕೋಬೇಕು" ಎಂದಳು.

ನನ್ನಿಂದ ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು ಎಲ್ಲ ಹೇಳಿದೆ. ಊತ ಕಂಡಾಗಲೇ ಆಸ್ಪತ್ರೆಗೆ ಹೋಗಬೇಕಿತ್ತು, ನಾನು ಕರೆದುಕೊಂಡು ಹೋಗಲಿಲ್ಲ, ಆ ನೀರೇ ನಿನಗೆ ವಿಷವಾಯಿತು, ನನಗೆ ಗೊತ್ತಾಗಬೇಕಿತ್ತು ಎಂದೆ. ಅರವತ್ತರ ಹತ್ತಿರದ ಗಂಡಸು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಅವಳು ನಾನು ಮುಗಿಸುವವರೆಗೆ ಕಾದಳು. "ಗೊತ್ತು ಕಣ್ಲಾ" ಎಂದಳು. "ಕುಡುದ್ರೆ ಹೊಟ್ಟೆ ತೊಳಸೋದು. ಸುಸ್ತು ಎಚ್ಚಾಗದು. ಇದು ನಂಗಾಗಾಕಿಲ್ಲ ಅಂತ ನಂಗೆ ಎರಡನೇ ತಿಂಗ್ಳಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಕುಡಿದೆ?"

ಅವಳು ಸೆರಗಿನಿಂದ ಒಲೆಯ ಕಟ್ಟೆ ಒರೆಸಿದಳು. "ಬ್ಯಾಡ ಅಂದಿದ್ರೆ ನೀನು ಎದ್ದೋಯ್ತಿದ್ದೆ. ಲೋಟ ಖಾಲಿ ಆಗೋಗಂಟ ಪಕ್ಕದಲ್ಲಿ ಕುಂತ್ಕಂಡು ಮಾತಾಡ್ತಿದ್ದೆಲ್ಲಾ, ಅದ್ಕೆ ಕುಡುದೆ."

ಮೂವತ್ತು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಲೆಕ್ಕ ಹಾಕಿ ನೋಡಿದರೆ ನಾನು ಅವಳ ಪಕ್ಕ ಕೂತು ಮಾತಾಡಿದ್ದು ಆ ಕೆಲವೇ ತಿಂಗಳು, ಅದೂ ಸೊಪ್ಪಿನ ವಿಷಯ.