ಎದೆ ಕೊರೆಯುತ್ತೆ ಅಂದರು

ರೇಷನ್ ಅಕ್ಕಿ ಸಾಲದೆ ಊರಿಗೂರೇ ಬಡಕಲಾಗಿದ್ದ ಯುದ್ಧದ ಕಾಲದಲ್ಲಿ ದಪ್ಪಗಿದ್ದುದೇ ನನ್ನ ತಪ್ಪು. ಹೊಸೂರಿನ ನಮ್ಮ ಬೀದಿಯ ಹೆಂಗಸರು, "ಮೇಷ್ಟ್ರ ಮಗಳಿಗೆ ಮಾತ್ರ ಎಲ್ಲಿಂದ ಬತ್ತದೋ ರಾಗಿ" ಎಂದು ನಗುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ. ಆದರೆ ನನ್ನನ್ನು ನೋಡಲು ಕೃಷ್ಣಗಿರಿಯಿಂದ ಬಂದ ವರನ ಸೋದರತ್ತೆ ಕಾಫಿ ಕುಡಿದು, "ಹುಡುಗಿ ಲಕ್ಷಣವಾಗವ್ಳೆ. ಒಸಿ ಮೈ ಇಳಿದ್ರೆ ಮಾತಾಡಾಣ" ಎಂದು ಎದ್ದುಹೋದಾಗ ನಗು ಬರಲಿಲ್ಲ. ಸಂತೆಯಲ್ಲಿ ಎಮ್ಮೆ ಕೊಳ್ಳುವವರಾದರೂ ಹಲ್ಲು ನೋಡುತ್ತಾರೆ. ಇವರು ನೋಡಿದ್ದು ಸುತ್ತಳತೆ ಮಾತ್ರ.

ಅಮ್ಮ ಕೆಲಮಂಗಲದ ಕಡೆಯ ಹಳ್ಳಿಯವಳು. ತೆಲುಗು ಚೆನ್ನಾಗಿ ಬರುತ್ತಿತ್ತು, ತಮಿಳು ಅರೆಬರೆ. ಅಪ್ಪ ಸ್ಕೂಲಿಗೆ ಹೋಗಿದ್ದಾಗ ಅವಳು ನನ್ನನ್ನು ಹೊಸದಾಗಿ ಬಂದಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರಿಗೆ ತಮಿಳು, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ನಾಡಿ ನೋಡಿ ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದರು. ಮಾತೆಲ್ಲ ಅಮ್ಮನ ಜೊತೆ. ಮಾತ್ರೆ ನುಂಗಬೇಕಾದವಳು ನಾನು, ವಿಷಯ ಕೇಳಿಸಿಕೊಂಡವಳು ಅವಳು! ಹೊರಗೆ ಬಂದ ಅಮ್ಮನ ಕೈಯಲ್ಲಿ ಹೆಸರಿಲ್ಲದ ಪುಟ್ಟ ಸೀಸೆ ಇತ್ತು.

"ದಿನಾ ತಕ್ಕೋಬೇಕಂತೆ. ಎದೆ ಕೊರೀತದಂತೆ, ಹೆದ್ರುಕೋಬ್ಯಾಡ" ಎಂದಳು.

ಕೊರೆಯಿತು, ಚೆನ್ನಾಗಿಯೇ ಕೊರೆಯಿತು. ಸುಮ್ಮನೆ ಕೂತಿದ್ದರೂ ಓಡಿಬಂದವಳ ಹಾಗೆ ಎದೆ ಬಡಿದುಕೊಳ್ಳುತ್ತಿತ್ತು. ಲೋಟ ಹಿಡಿದರೆ ಕೈ ನಡುಗಿ ಮಜ್ಜಿಗೆ ಸೀರೆಯ ಮೇಲೆ ಚೆಲ್ಲುತ್ತಿತ್ತು. ಹೇಳಿದರೆ ಅಮ್ಮ, "ಡಾಕ್ಟ್ರು ಅಂದಿದ್ರಲ್ಲ, ಔಷ್ದಿ ಕೆಲಸ ಮಾಡ್ತೈತೆ ಕಣವ್ವ, ತಡ್ಕೋ" ಎನ್ನುವಳು. ರವಿಕೆಗಳು ಸಡಿಲವಾದವು, ಬೀದಿಯವರು ಹೊಗಳಿದರು. ನನಗೂ ಒಳಗೊಳಗೇ ಖುಷಿ, ಸುಳ್ಳೇಕೆ ಹೇಳಲಿ. ಆದರೆ ಮಲಗಿದರೆ ದಿಂಬಿನೊಳಗಿಂದ ಎದೆಬಡಿತ ಕೇಳಿಸುತ್ತಿತ್ತು. ಇದು ನಿಂತುಬಿಟ್ಟರೆ ಎಂದು ಮಗ್ಗುಲು ಬದಲಿಸುವುದಕ್ಕೂ ಭಯಪಡುತ್ತಿದ್ದೆ.

ಒಂದು ದಿನ ಹಿತ್ತಲಲ್ಲಿ ನೀರು ಸೇದುತ್ತಿದ್ದಾಗ ಕಣ್ಣು ಕತ್ತಲಿಟ್ಟು ಬಿದ್ದೆ. ಬಿಂದಿಗೆ ಬಾವಿಯ ಪಾಲಾಯಿತು. ನಾನು ಕಟ್ಟೆಯ ಈಚೆಗೆ ಬಿದ್ದದ್ದು ಪುಣ್ಯ. ಅಪ್ಪ ಗಾಬರಿಯಿಂದ ಓಡಿಬಂದರೆ ಅಮ್ಮ, ಡಾಕ್ಟರು ಮೊದಲೇ ಹೇಳಿದ್ದರೆಂದು ಸಮಾಧಾನ ಮಾಡತೊಡಗಿದಳು.

"ಏನಂದ್ರು? ಅವರ ಮಾತಲ್ಲೇ ಹೇಳು."

"ಎಡೈ ಕೊರೈಯುಂ ಅಂದ್ರು."

ಅಪ್ಪ ತಲೆಯ ಮೇಲೆ ಕೈಹೊತ್ತು ಕೂತರು. "ತಮಿಳಲ್ಲಿ ಎಡೈ ಅಂದ್ರೆ ತೂಕ ಕಣೇ! ತೂಕ ಕಮ್ಮಿ ಆಗುತ್ತೆ ಅಂದವ್ರೆ. ಎದೆ ಸುದ್ದೀನೇ ಎತ್ತಿಲ್ಲ ಆ ಮನುಷ್ಯ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಒಳಗೆ ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. ಸಿಟ್ಟೆಲ್ಲ ಡಾಕ್ಟರ ಮೇಲೆ. ಅಪ್ಪ ಹೋಗಿ ಕೇಳಿದ್ದಕ್ಕೆ ಅವರು, ಔಷಧದ ಹೆಸರು ತಿಳಿದು ನೀವೇನು ಮಾಡುತ್ತೀರಿ, ನಿಲ್ಲಿಸಿ, ಸರಿಹೋಗುತ್ತದೆ ಎಂದು ಕಳಿಸಿಬಿಟ್ಟರಂತೆ. ನಿಲ್ಲಿಸಿದೆವು. ಎದೆ ಮಾತ್ರ ಆಗಾಗ ಒಂದು ಬಡಿತ ತಪ್ಪಿ, ಮತ್ತೆ ದಡಕ್ಕನೆ ಹೊಡೆಯುತ್ತಿತ್ತು.

ಅಪ್ಪನ ಸ್ನೇಹಿತರಾದ ವಕೀಲರೊಬ್ಬರು ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ಏನ್ ಕೊಟ್ರಿ ಅಂತ ಕೇಳೋ ಹಕ್ಕು ನಿಮಗೈತೆ ಮೇಷ್ಟ್ರೇ. ಅಪಾಯ ಹೇಳ್ದೆ ಕೊಟ್ಟವ್ರೆ ಅಂತ ದಾವಾನೂ ಹಾಕ್ಬೋದು. ಆದ್ರೆ ಮಗೂನ ಕಟಕಟೆ ಹತ್ತಿಸ್ಬೇಕು. ಯಾಕಮ್ಮಾ ಆ ಔಷ್ದಿ ತಿಂದೆ ಅಂತ ಎಲ್ಲಾರ ಮುಂದೆ ಕೇಳ್ತಾರೆ. ಆಮೇಲೆ ಸಂಬಂಧ?"

ಅಪ್ಪ ದಾವಾದ ಮಾತನ್ನು ಅಲ್ಲಿಗೇ ಬಿಟ್ಟರು. ಬಾಯಿ ಬಿಡಬೇಡವೆಂದು ಅಮ್ಮ ನನ್ನ ಗಲ್ಲ ಹಿಡಿದು ಬೇಡಿಕೊಂಡಳು.

ಕೃಷ್ಣಗಿರಿಯವರು ಮತ್ತೆ ಬಂದರು. ಈ ಸಲ ಸೋದರತ್ತೆ ತಮ್ಮ ಮಗಳನ್ನೂ ಕರೆತಂದಿದ್ದರು. ನನಗಿಂತ ಚಿಕ್ಕವಳು, ತುಂಬಿದ ಕೆನ್ನೆಯ ಹುಡುಗಿ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಗ ಸರಿಹೋಯ್ತು ನೋಡು! ಮದ್ವೆ ಆದ್ಮೇಲೂ ಹಿಂಗೇ ಇರ್ಬೇಕು" ಎಂದರು.

ಹೀಗೇ ಇರಬೇಕೆಂದರೆ ಮತ್ತೆ ಆ ಸೀಸೆ. ಕೋರ್ಟಿನಲ್ಲಿ ಹೇಳಬೇಕಾದ ಸಾಕ್ಷಿಯನ್ನು ನಮ್ಮ ನಡುಮನೆಯಲ್ಲೇ ಹೇಳಿಬಿಟ್ಟೆ. "ಡಾಕ್ಟ್ರು ಕೊಟ್ಟ ಔಷ್ದಿ ತಿಂದು ಇಳಿದಿದ್ದು. ಎದೆ ಕೆಟ್ಟೋಗಿ ಬಾವಿ ಹತ್ರ ಬಿದ್ದೆ. ನಿಲ್ಲಿಸಿದೀನಿ. ಇನ್ನು ತಿನ್ನಲ್ಲ, ಮತ್ತೆ ದಪ್ಪ ಆಗ್ತೀನಿ."

ಅಪ್ಪ ನನ್ನನ್ನು ಗದರಲಿಲ್ಲ. ನಾನು ಲೋಟಗಳನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದೆ. ಬೆನ್ನ ಹಿಂದೆಯೇ ಸೋದರತ್ತೆ ಬಂದರು. ಬೈಯುತ್ತಾರೆಂದು ಗೋಡೆಗೆ ಒತ್ತಿ ನಿಂತೆ. ಅವರು ಬಾಗಿಲು ಮುಂದಕ್ಕೆ ಎಳೆದು, ದನಿ ತಗ್ಗಿಸಿ ಕೇಳಿದರು:

"ಆ ಡಾಕ್ಟ್ರು ಮನೆ ಎಲ್ಲೈತಮ್ಮಾ? ನಮ್ಮ ಹುಡುಗೀಗೂ ಎಲ್ಲೂ ಕೂಡಿಬರ್ತಿಲ್ಲ."

"ಅತ್ತೆಮ್ಮಾ, ಎದೆ ಕೆಡ್ತದೆ ಅಂದೆನಲ್ಲ."

"ಅದಿರ್ಲಿ. ಎಷ್ಟು ದಿನಕ್ಕೆ ಇಳೀತು, ಅದು ಹೇಳು."