ಹೂವಿಲ್ಲದ ಕೌದಿ

ಮೊಮ್ಮಗಳು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತು ಫೋನಿನಲ್ಲಿ ಹರಟುತ್ತ ಕೂತಿದ್ದಳು. ಹತ್ತಿ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಬೈಯಲು ಬಾಯಿ ತೆರೆದವಳು ಹಾಗೆಯೇ ಕೂತುಬಿಟ್ಟೆ. ಹಳಿಯಾಳದ ಓಣಿಯ ಮಾವಶಿ ನೆನಪಾದಳು…

ನಾನು ಆ ಓಣಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದವಳು ಅವಳು. ಸಿದ್ದಿ ಜನಾಂಗದವಳು, ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಗಂಡ ತೀರಿಹೋಗಿದ್ದ, ಇದ್ದವನೊಬ್ಬನೇ ಮಗ, ಕಾಡಿನಲ್ಲಿ ಮರ ಕಡಿಯಲು ಹೋಗುತ್ತಿದ್ದ. ಹಳೆಯ ಸೀರೆ, ಮಗನ ಹರಿದ ಅಂಗಿ ಎಲ್ಲ ಕೂಡಿಸಿ ನಮ್ಮ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಾನೂ ಸೂಜಿ ಹಿಡಿದರೆ, "ನಿನ್ನ ಹೊಲಿಗಿ ಅಂದ್ರ ಕೋಳಿ ಕೆದರಿದಂಗ ಐತಿ ನೋಡವಾ" ಎಂದು ನಗುತ್ತಿದ್ದಳು. ಕೌದಿಯ ನಾಲ್ಕೂ ಮೂಲೆಗೆ ಕೊನೆಯಲ್ಲಿ ಬಣ್ಣದ ಬಟ್ಟೆ ಮಡಚಿ ಹಚ್ಚುತ್ತಿದ್ದಳು. ಅದಕ್ಕೆ ಹೂ ಎನ್ನುವುದು. ಹೂವಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ, ಅದನ್ನು ಯಾರಿಗೂ ಹೊದಿಸಬಾರದು ಎಂದು ಅವಳು ನಂಬಿದ್ದಳು.

ಆ ವರ್ಷ ಮಗನ ಮದುವೆಗೆಂದು ಹೊಲಿದ ಕೌದಿಗೆ ಹೂವಷ್ಟೇ ಬಾಕಿ ಇತ್ತು. ಮಡಚಿಟ್ಟ ಹೂಗಳು ನನ್ನ ಸೂಜಿದಾರದ ಡಬ್ಬಿಯಲ್ಲಿದ್ದವು. ಅಷ್ಟರಲ್ಲಿ ಓಣಿಯಲ್ಲಿ ಇಲಿ ಸತ್ತು ಬಿದ್ದವು. ಪ್ಲೇಗು! ನಾವೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಮಾವಶಿ ಬರಲಿಲ್ಲ. ಮಗನಿಗೆ ಆಗಲೇ ಜ್ವರ, ಕಂಕುಳಲ್ಲಿ ಗಡ್ಡೆ. ಚಳಿಗೆ ನಡುಗುತ್ತಿದ್ದವನಿಗೆ ಕೈಗೆ ಸಿಕ್ಕ ಆ ಕೌದಿಯನ್ನೇ ಹೊದಿಸಿದಳಂತೆ. ಅದರಡಿಯಲ್ಲೇ ಹೋದ…

ಮನೆ ಶುದ್ಧ ಮಾಡುವ ಮಂದಿ ಬಂದಿದ್ದಾರೆಂದು ತಿಳಿದು ನಾನು ಡಬ್ಬಿ ಹಿಡಿದು ಓಡಿದೆ. ಹಂಚು ಇಳಿಸಿ ಒಳಗೆ ಬಿಸಿಲು ಬಿಟ್ಟಿದ್ದರು. ಗೋಡೆಗೆ ಸುಣ್ಣ, ನೆಲಕ್ಕೆ ಫಿನಾಯಿಲು. ಹಾಸಿಗೆ ಬಟ್ಟೆಯೆಲ್ಲ ಸುಡಲು ಅಂಗಳದಲ್ಲಿ ಗುಡ್ಡೆ ಹಾಕಿದ್ದರು. ಕೌದಿ ಉಳಿಸಿಕೊಡಿ ಎಂದು ಮಾವಶಿ ಕೇಳಲೇ ಇಲ್ಲ.

"ಸುಡ್ರಿ ಸಾಹೇಬ್ರ, ಬ್ಯಾಡ ಅನ್ನೂದಿಲ್ಲ. ನಾಕ್ ಹೂ ಹಚ್ಚಿ ಕೊಡ್ತೇನಿ, ಆಮ್ಯಾಲ ಸುಡ್ರಿ. ಬತ್ಲೆ ಕೌದಿ ಹೊಚ್ಚಿದ್ದಕ್ಕ ನನ್ನ ಮಗ ಹ್ವಾದ."

ಆ ಮಂದಿಯ ಮೇಲ್ವಿಚಾರಕ ಮುಕಾದಮ ಕೆಟ್ಟವನಲ್ಲ. ಅವನ ಕಣ್ಣೂ ತುಂಬಿತ್ತು. "ಮುಟ್ಟಿದ್ರ ನೀನೂ ಹೋಗ್ತಿ, ತಾಯಿ. ನನ್ನ ಕೈಯಾಗ ಏನೂ ಇಲ್ಲ" ಎಂದ. ಅಲ್ಲ, ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಇನ್ನೇನು ಅಂಟಬೇಕಿತ್ತು! ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಡಬ್ಬಿ ನನ್ನ ಕೈಯಲ್ಲೇ ಉಳಿಯಿತು.

ಮಾವಶಿ ಅಳಲಿಲ್ಲ. ಡಬ್ಬಿ ಕೊಡಹೋದರೆ, "ನಿನ್ನ ಹಂತೇಕ ಇರ್ಲಿ. ಮತ್ತ ಕೌದಿ ಹೊಲಿಯೂ ದಿನಾ ಬಂದ್ರ ಕೇಳ್ತೇನಿ" ಎಂದಳು. ಆಮೇಲೆ ಅವಳು ಸೂಜಿ ಹಿಡಿದದ್ದನ್ನು ನಾನು ನೋಡಲಿಲ್ಲ. ತಮ್ಮನ ಮನೆಗೆಂದು ಕಾಡಿನಾಚೆಯ ಅವನ ಊರಿಗೆ ಹೋದಳು, ಅಲ್ಲೇ ತೀರಿಕೊಂಡಳೆಂದು ಬಹಳ ದಿನದ ಮೇಲೆ ಯಾರೋ ಹೇಳಿದರು…

ಮೊಮ್ಮಗಳು ಸುಟ್ಟ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿ ನಿಂತಿದ್ದಳು. ಅವಳನ್ನು ಬೈಯದೆ ಎದ್ದು ಟ್ರಂಕು ತೆರೆದೆ. ಡಬ್ಬಿಯಲ್ಲಿ ನಾಲ್ಕೂ ಹೂ ಹಾಗೆಯೇ ಇವೆ, ಬಣ್ಣ ಮಾಸಿದೆ ಅಷ್ಟೇ. ಈಗ ನನಗೆ ಹೊಲಿಗೆ ಚೆನ್ನಾಗಿ ಬರುತ್ತದೆ, ಮಾವಶಿ. ಹಚ್ಚಲು ಆ ಕೌದಿಯೇ ಇಲ್ಲ.