ಒಂದನ್ನು ಎರಡೆಂದು ನಂಬಿದ ದಿನಗಳು

ಹೊಸೂರಿನ ಆ ಕಾರ್ಖಾನೆಯೆಂದರೆ ನನಗೆ ಇಂದಿಗೂ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಬೆಲ್ಟಿನ ಮೇಲೆ ಬೋಲ್ಟುಗಳು ಸಾಲಾಗಿ ಬರುತ್ತಿದ್ದವು. ಕ್ಯಾಮೆರಾ ನೋಡಿದ್ದನ್ನು ಕಂಪ್ಯೂಟರು ಪರೀಕ್ಷಿಸಿ, ಕೆಟ್ಟದ್ದಿದ್ದರೆ ಪುಟ್ಟ ಬಾಗಿಲೊಂದರಿಂದ ಟಕ್ಕೆಂದು ಆಚೆ ತಳ್ಳಿಸುತ್ತಿತ್ತು. ರೆಪ್ಪೆ ಬಡಿಯುವಷ್ಟು ತಡವಾದರೂ ಕೆಟ್ಟದ್ದು ಪಾರಾಗಿ, ಅದರ ಹಿಂದೆ ಬರುತ್ತಿದ್ದ ಒಳ್ಳೆಯದು ಆಚೆ ಬೀಳುತ್ತಿತ್ತು. ಆ ಕಂಪ್ಯೂಟರನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಬೆಲ್ಟಿನ ಮೇಲೆ ಬೋಲ್ಟು ಜೋಡಿಸಿಡುತ್ತಿದ್ದವರು ಕೆಲಮಂಗಲದ ಕಡೆಯ ಹಿರಿಯರೊಬ್ಬರು. ಸೂಪರ್‌ವೈಸರ್ ಹತ್ತಿರ ತಮಿಳು, ಫಿಟ್ಟರ್ ಹತ್ತಿರ ತೆಲುಗು, ನನ್ನ ಹತ್ತಿರ ಕನ್ನಡ. ಆನೆ ರಸ್ತೆಗಿಳಿದು ಬಸ್ಸು ತಡವಾದ ದಿನ, “ನಿಮ್ಮ ನೆಂಟ್ರು ಬಿಡ್ಲಿಲ್ವಾ ಅಣ್ಣ?” ಎಂದು ರೇಗಿಸಿದರೆ ಮನಸಾರೆ ನಗುತ್ತಿದ್ದರು. ಆ ನಗು ಈಗಲೂ ಬೇಕೆನಿಸುತ್ತದೆ.

ಹೊಸ ಕಂಪ್ಯೂಟರು ಬಂದಾಗ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅದರಲ್ಲಿ ಹೈಪರ್‌ಥ್ರೆಡಿಂಗ್ ಎಂಬ ಹೊಸ ಸೌಲಭ್ಯ! ಪರದೆಯಲ್ಲಿ ಎರಡು ಪ್ರೊಸೆಸರ್ ಕಾಣಿಸುತ್ತಿದ್ದವು. ಒಂದಕ್ಕೆ ಬೋಲ್ಟಿನ ಪರೀಕ್ಷೆ, ಇನ್ನೊಂದಕ್ಕೆ ಲೆಕ್ಕದ ರಿಪೋರ್ಟು ಎಂದು ಹಂಚಿ ಬೀಗಿದೆ. ಕೆಲವೇ ದಿನಗಳಲ್ಲಿ, ಕೆಟ್ಟ ಬೋಲ್ಟು ಬರುತ್ತಿವೆಯೆಂದು ಗಿರಾಕಿಯಿಂದ ದೂರು ಬಂತು. ಬೋಲ್ಟು ಒತ್ತೊತ್ತಾಗಿ ಇಡುತ್ತಾರೆಂದು ಸೂಪರ್‌ವೈಸರ್ ತಪ್ಪನ್ನು ಹಿರಿಯರ ತಲೆಗೆ ಕಟ್ಟಿದರು. ಇನ್ನೊಮ್ಮೆ ಹೀಗಾದರೆ ಪ್ಯಾಕಿಂಗಿಗೆ ಹಾಕುತ್ತೇನೆಂದರು. ಅಲ್ಲಿ ದಿನವಿಡೀ ಪೆಟ್ಟಿಗೆ ಎತ್ತಬೇಕು. ಇವರಿಗೋ ಸೊಂಟನೋವು.

“ನೀನು ಆ ರಿಪೋರ್ಟು ತೆಗ್ದಾಗೆಲ್ಲ ಬಾಗ್ಲು ತಡ ಆಯ್ತದೆ ಕಣಪ್ಪ. ನಂಗೆ ಕೇಳುಸ್ತದೆ,” ಎಂದರು ಹಿರಿಯರು.

“ಅದಕ್ಕೆ ಬೇರೆ ಪ್ರೊಸೆಸರ್ ಇದೆ ಅಣ್ಣ. ನಿಮಗೆ ಗೊತ್ತಾಗಲ್ಲ ಬಿಡಿ,” ಎಂದೆ. ಎಂಥ ಕೊಬ್ಬು ನನಗೆ!

ಮತ್ತೆ ದೂರು ಬಂತು. ಅವರು ಪ್ಯಾಕಿಂಗಿಗೆ ಹೋದರು. ಅವರ ಜಾಗಕ್ಕೆ ಬೇರೆಯವರು ಬಂದರೂ ತಪ್ಪು ನಿಲ್ಲಲಿಲ್ಲ. ಕೊನೆಗೆ ರಿಪೋರ್ಟು ಮುಚ್ಚಿ ಕಿವಿಗೊಟ್ಟೆ. ಬಾಗಿಲಿನ ಒಂದು ‘ಟಕ್’ ಕೂಡ ತಡವಾಗಲಿಲ್ಲ. ಒಳಗಿದ್ದದ್ದು ಒಂದೇ ಪ್ರೊಸೆಸರ್, ಹೈಪರ್‌ಥ್ರೆಡಿಂಗ್ ಅದನ್ನೇ ಎರಡಾಗಿ ತೋರಿಸುತ್ತಿತ್ತು, ಒಂದೇ ಒಲೆಯಲ್ಲಿ ಇಬ್ಬರು ಅಡುಗೆ ಮಾಡಿದ ಹಾಗೆ. ಒಟ್ಟು ಕೆಲಸವೇನೋ ಹೆಚ್ಚಾಗುತ್ತಿತ್ತು, ಆದರೆ ಆಗೊಮ್ಮೆ ಈಗೊಮ್ಮೆ ಬೋಲ್ಟಿನ ಕೆಲಸ ಕಾಯಬೇಕಾಗುತ್ತಿತ್ತು. ಹೈಪರ್‌ಥ್ರೆಡಿಂಗ್ ಆಫ್ ಮಾಡಿದೆ. ರಿಪೋರ್ಟನ್ನು ಪಾಳಿ ಮುಗಿದ ಮೇಲೆ ತೆಗೆಯತೊಡಗಿದೆ.

ಸೂಪರ್‌ವೈಸರಿಗೆ “ಸೆಟ್ಟಿಂಗ್ ಸರಿ ಮಾಡ್ದೆ ಸಾರ್” ಎಂದಷ್ಟೇ ಹೇಳಿದೆ. ಯಾರ ತಪ್ಪೆಂದು ಅವರು ಕೇಳಲಿಲ್ಲ, ನಾನು ಬಾಯಿ ಬಿಡಲಿಲ್ಲ.

ಮರುದಿನ ಊಟದ ಹೊತ್ತಿಗೆ ಹಿರಿಯರು ನನ್ನ ಪಕ್ಕ ಬಂದು ಮೆಲ್ಲಗೆ ಕೂತರು. “ಮಿಷೀನು ಸರಿಹೋಯ್ತಂತಲ್ಲಪ್ಪ. ಹಂಗಾರೆ ನಾನು ವಾಪಸ್ ಬರ್ಬೋದಾ?”

“ಸೂಪರ್‌ವೈಸರ್‌ನ ಕೇಳ್ಬೇಕು ಅಣ್ಣ,” ಎಂದೆ.

“ನೀನೇ ಒಂದ್ಮಾತು ಕೇಳಪ್ಪ,” ಎಂದರು. ನಾನು ಕೇಳಲೇ ಇಲ್ಲ.